ಐವತ್ತು ಪಾಯಿಂಟ್ ನಾಲ್ಕು

ನಮ್ಮಪ್ಪನಿಗೆ ಕಣ್ಣು ಕಾಣಲ್ಲ ಅನ್ನೋದು ನನಗೂ ನನ್ನ ಗಂಡನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗಾದರೂ ಗೊತ್ತಿತ್ತಾ ಅಂದರೆ, ಹೇಳೋದು ಕಷ್ಟ. ತನ್ನಲ್ಲೊಂದು ಕೊರತೆ ಇದೆ ಅಂತ ಒಪ್ಪಿಕೊಳ್ಳೋ ಪೈಕಿಯೇ ಅಲ್ಲ ಆ ಮನುಷ್ಯ. ಬಂದವರನ್ನ ದನಿಯಿಂದ ಗುರುತು ಹಿಡೀತಿದ್ದ, ಲೋಟ ಎಲ್ಲಿದೆ ಅಂತ ಮೇಜಿನ ಮೇಲೆ ಕೈಯಾಡಿಸಿ ತಿಳ್ಕೊಳ್ತಿದ್ದ. ಬೆಳಕು ಯಾವ ಕಡೆ, ನೆರಳು ಯಾವ ಕಡೆ ಅನ್ನೋದಷ್ಟೇ ಕಣ್ಣಿಗೆ ಉಳಿದಿದ್ದು. ಅಂಥವನು ದಿನಕ್ಕೆ ನಾಲ್ಕು ಸಲ ದೋಣಿಯಲ್ಲಿ ಮೂವತ್ತು ಜನ ಪ್ರವಾಸಿಗರನ್ನ ಕೂರಿಸಿಕೊಂಡು ಜಲಾಶಯ ಸುತ್ತಿಸ್ತಿದ್ದ. ಸಾಲದ್ದಕ್ಕೆ ಮೈಕ್ ಹಿಡಿದು ಜೋಕು ಬೇರೆ ಹೊಡೀತಿದ್ದ.

ಹೇಗೆ ಸಾಧ್ಯ ಅಂತ ಕೇಳ್ತೀರಾ? ನಾನು ಕೊಡೋ ನಂಬರಿನಿಂದ.

ನಮ್ಮದು ಬೆಟ್ಟಗಳ ಸಂದಿಯಲ್ಲಿರೋ ಕಿರಿದಾದ ಜಲಾಶಯ. ಅಣೆಕಟ್ಟಿನ ಪಕ್ಕದಲ್ಲೇ ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮು, ಅಲ್ಲಿ ನಾನು ಆಪರೇಟರ್. ಎಲ್ಲೋ ದೂರದ ಪೇಟೆಯವರು ಒಟ್ಟಿಗೆ ಸ್ವಿಚ್ ಹಾಕಿದರೆ ಇಲ್ಲಿ ನೀರು ಇಳಿಯುತ್ತೆ. ಮೂರು ಯಂತ್ರವೂ ತಿರುಗಿದರೆ ಗಂಟೆಗೆ ಒಂದಡಿ, ಅಂದರೆ ಮೂವತ್ತು ಸೆಂಟಿಮೀಟರ್. ಮೇಲಿನ ಅಣೆಕಟ್ಟಿನವರು ಬಾಗಿಲು ತೆಗೆದರೆ ಒಂದೇ ರಾತ್ರಿಗೆ ಎರಡು ಮೀಟರ್ ಏರೋದೂ ಉಂಟು. ತುಂಬಿದಾಗ ಅರವತ್ತು ಮೀಟರ್. ಈ ನೀರಿನ ಅಡಿಯಲ್ಲಿ ಅಪ್ಪ ಹುಟ್ಟಿ ಬೆಳೆದ ಊರಿದೆ. ಮುಳುಗಿಸೋವಾಗ ಚಾವಣಿ ಕಿತ್ತರು, ಗೋಡೆಗಳನ್ನ ಹಾಗೇ ಬಿಟ್ಟರು. ಯಾವ ಗೋಡೆ ಎಲ್ಲಿ, ಅದರ ತಲೆ ಎಷ್ಟೆತ್ತರಕ್ಕೆ ಅನ್ನೋದು ಅಪ್ಪನಿಗೆ ಬಾಯಿಪಾಠ. ಅವನು ಓದಿದ ಶಾಲೆಯ ಗೋಡೆ ಸರಿಯಾಗಿ ನಲವತ್ತೆಂಟು ಮೀಟರಿಗೆ. ನೀರು ನಲವತ್ತೊಂಬತ್ತು ದಾಟಿದ್ದರೆ ಅದರ ಮೇಲೇ ದೋಣಿ ಹಾಯಿಸಬಹುದು, ಇಲ್ಲದಿದ್ದರೆ ಎಡಕ್ಕೆ ದೊಡ್ಡ ಸುತ್ತು ಹಾಕಿ ದೋಣಿ ಕಟ್ಟೋ ಜೆಟ್ಟಿಗೆ ಬರಬೇಕು. ಗೋಡೆಯ ಗುರುತಿಗೆ ಅಲ್ಲೊಂದು ಕೆಂಪು ತೇಲುಗುಂಡು ಕಟ್ಟೋಣ ಅಂತ ಇಲಾಖೆಯವರು ಬಂದರೆ, ನನ್ನ ಶಾಲೆಗೆ ನನಗೇ ದಾರಿ ತೋರಿಸೋಕೆ ಬಂದ್ರಾ ಅಂತ ಉಗಿದು ಕಳಿಸಿದ್ದ.

ಬೆಳಗ್ಗೆ ಏಳೂವರೆಗೆ ನಾನು ನೀರಿನ ಮಟ್ಟದ ಮೀಟರ್ ನೋಡಿ ರಿಜಿಸ್ಟರಿನಲ್ಲಿ ಬರೆದು, ನನ್ನ ಮೊಬೈಲಿನಿಂದ ಅಪ್ಪನಿಗೆ ಫೋನ್ ಮಾಡಬೇಕು. ಕಂಟ್ರೋಲ್ ರೂಮಿನ ಫೋನಿನಲ್ಲಿ ಮಾತಾಡಿದ್ದೆಲ್ಲ ರೆಕಾರ್ಡ್ ಆಗುತ್ತೆ, ಅದಕ್ಕೇ ಮೊಬೈಲ್. ಅಪ್ಪ ಜೆಟ್ಟಿಯಲ್ಲಿ ನಿಂತು ಸ್ಪೀಕರ್ ಹಾಕಿ, "ಎಷ್ಟೇ ಮಗಳೇ?" ಅಂತಿದ್ದ. ನಾನು ಹೇಳ್ತಿದ್ದೆ. "ಹ್ಞೂಂ" ಅಂತ ಇಟ್ಟುಬಿಡ್ತಿದ್ದ. ದಿನದ ನಡುವೆ ನೀರು ತುಂಬಾ ಇಳಿಯೋ ಹಾಗಿದ್ದರೆ ಮತ್ತೊಂದು ಸಲ ಫೋನ್ ಮಾಡ್ತಿದ್ದೆ. ಆ ಒಂದು ನಂಬರು ಸಿಕ್ಕರೆ ಸಾಕು, ಮಿಕ್ಕಿದ್ದೆಲ್ಲ ತಲೆಯಲ್ಲಿತ್ತು. ಯಾವ ಕೆನ್ನೆಗೆ ಬಿಸಿಲು ಬಿತ್ತು, ಇಂಜಿನ್ ಸದ್ದು ಯಾವ ಬೆಟ್ಟಕ್ಕೆ ಬಡಿದು ವಾಪಸ್ ಬಂತು, ಹೊರಟು ಎಷ್ಟು ಹೊತ್ತಾಯ್ತು, ಇಷ್ಟರಲ್ಲೇ ಇಡೀ ಜಲಾಶಯ ತಿರುಗಿ ಬರ್ತಿದ್ದ. ಕಣ್ಣು ಹೋದ ಮೇಲಿನ ನಾಲ್ಕು ವರ್ಷದಲ್ಲಿ ದೋಣಿಗೆ ಒಂದು ಗೀರು ಬಿದ್ದಿರಲಿಲ್ಲ. ಮೆಚ್ಚಬೇಕಾದ್ದೇ, ನಾನೇನೂ ಇಲ್ಲ ಅನ್ನಲ್ಲ.

ಆದರೆ ಗೋಡೆಗಳು ಇದ್ದಲ್ಲೇ ಇರ್ತವೆ, ಜನ ಇರಲ್ಲ. ರಜೆ ಬಂತೆಂದರೆ ಪೆಡಲ್ ದೋಣಿಯವರು, ಈಜೋರು, ಗಾಳಿ ತುಂಬಿದ ಹಾಸಿಗೆ ಮೇಲೆ ಮಲಗಿಕೊಂಡು ತೇಲೋ ಸೋಮಾರಿಗಳು, ಎಲ್ಲರೂ ನೀರಿಗೇ. ಅವರಿಂದ ಅಪ್ಪನ ದೋಣಿಯನ್ನ ಕಾಪಾಡ್ತಿದ್ದದ್ದು ನನ್ನ ಗಂಡ. ಇವರದ್ದು ದೋಣಿಯ ಮೂತಿಯಲ್ಲಿ ನಿಂತು ಹಗ್ಗ ಎಸೆಯೋ ಕೆಲಸ. ಏನಾದರೂ ಎದುರಿಗೆ ಬಂದರೆ ಕಂಬಿ ಹಿಡಿದು ಕೂತು, ಬಲಗಾಲು ಹೊರಗೆ ಚಾಚಿ, ಬೂಟಿನಲ್ಲಿ ಒದ್ದು ದೂರ ತಳ್ಳೋರು. ಪೆಡಲ್ ದೋಣಿಯಾಗಲಿ, ಜೆಟ್ಟಿಯಾಗಲಿ, ಮರದ ದಿಮ್ಮಿಯಾಗಲಿ, ಒಂಬತ್ತು ವರ್ಷದಿಂದ ಅದೇ ಕಾಲು. ಹೋದ ತಿಂಗಳು ಒಂದು ಪೆಡಲ್ ದೋಣಿ ಇನ್ನೇನು ಅಡಿಗೆ ಸಿಗಬೇಕು, ಒಳಗೆ ಗಂಡ ಹೆಂಡತಿ ಇಬ್ಬರು ಮಕ್ಕಳು. ಇವರು ಒದ್ದು ತಳ್ಳಿದ್ದರಿಂದ ಬಚಾವು. ಅಪ್ಪ ಏನಂದ ಗೊತ್ತಾ? "ಅಳಿಯಂದಿರು ಇವತ್ತು ಯಾರಿಗೋ ಒದ್ದ ಹಾಗಿತ್ತು" ಅಂತ ಮೈಕಿನಲ್ಲಿ ಹೇಳಿದ. ಜನ ನಕ್ಕರು.

ಆ ಮೈಕು. ದೋಣಿಯ ಲೌಡ್‌ಸ್ಪೀಕರ್ ನೀರಿನ ಮೇಲೆ ಹಾಯ್ದು, ಬೆಟ್ಟಕ್ಕೆ ಬಡಿದು, ಕಂಟ್ರೋಲ್ ರೂಮಿನ ಕಿಟಕಿವರೆಗೂ ಕೇಳುತ್ತೆ. ನನ್ನ ಜೊತೆಯವರು ಚಹಾ ಕುಡೀತಾ ಅದನ್ನೇ ಕೇಳೋರು. "ನಿಮ್ಮ ಕಾಲ ಕೆಳಗಿರೋದು ನನ್ನ ಶಾಲೆ. ಮೇಷ್ಟ್ರು ಇನ್ನೂ ಒಳಗೇ ಇದ್ದಾರೆ, ಮೀನುಗಳ ಹಾಜರಿ ತಗೊಳ್ತಾ ಇದ್ದಾರೆ." ಈ ಜೋಕಿಗೆ ನನಗೂ ಒಂದು ಕಾಲದಲ್ಲಿ ನಗು ಬರ್ತಿತ್ತು. ಜೋಕು ಖಾಲಿಯಾದಾಗ ಅಳಿಯನನ್ನ ಹಿಡಿದುಕೊಳ್ತಿದ್ದ. ದೋಣಿ ಪರವಾನಗಿಯ ಇನ್‌ಸ್ಪೆಕ್ಟರ್ ಬರೋದಕ್ಕೆ ಎರಡು ದಿನ ಮುಂಚೆ, ದೋಣಿ ತುಂಬ ಜನ ಇದ್ದಾಗ, ಹೀಗಂದ: "ಮುಂದೆ ನಿಂತಿದ್ದಾರಲ್ಲ, ಇವರೇ ನಮ್ಮ ಅಳಿಯಂದಿರು. ಮದುವೆಯಾಗಿ ಒಂಬತ್ತು ವರ್ಷ. ಹಗ್ಗಕ್ಕೆ ಗಂಟು ಹಾಕೋದು ಬಿಟ್ಟರೆ ಇವರ ಕೈಲಿ ಇನ್ನೇನೂ ಆಗಿಲ್ಲ."

ಮೂರು ಸಲ ಆಸ್ಪತ್ರೆ ಸೇರಿ ಮೂರು ಸಲವೂ ಬರಿಗೈಲಿ ಮನೆಗೆ ಬಂದವಳು ನಾನು. ಮೂರನೇ ಸಲ ನನ್ನನ್ನ ಕರ್ಕೊಂಡು ಬಂದಿದ್ದೇ ಅಪ್ಪ. ಆ ಮಾತು ಕೇಳಿ ಕಂಟ್ರೋಲ್ ರೂಮಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಒಬ್ಬರು ಮೆಲ್ಲಗೆ ಎದ್ದು ಕಿಟಕಿ ಮುಚ್ಚಿದರು. ಆ ಕಿಟಕಿ ಮುಚ್ಚಿದ್ದೇ ನನಗೆ ತಡೆಯೋಕಾಗಲಿಲ್ಲ. ಇವನ ಸೊಕ್ಕು ಮುರೀಬೇಕು, ಅದೂ ಹತ್ತು ಜನರೆದುರಿಗೆ ಮುರೀಬೇಕು ಅಂತ ಆವತ್ತೇ ಅಂದುಕೊಂಡೆ.

ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬಂದು, ದೋಣಿಯಲ್ಲಿ ಒಂದು ಸುತ್ತು ಕೂತು, ಪರವಾನಗಿ ನವೀಕರಿಸಿ ಹೋಗ್ತಾರೆ. ಕಣ್ಣಿನ ವಿಚಾರಕ್ಕೆ ಡಾಕ್ಟರ ಚೀಟಿ ಸಾಕು, ಡಾಕ್ಟರು ಅಪ್ಪನ ಹಳೇ ಇಸ್ಪೀಟಿನ ಗೆಳೆಯ, ಕಣ್ಣು ನೋಡದೇ ಸಹಿ ಹಾಕೋರು. ಪರವಾನಗಿ ಸಿಕ್ಕರೆ ಇನ್ನೊಂದು ವರ್ಷ ಅವನೇ ರಾಜ. ಸಿಗದಿದ್ದರೆ ಅಪ್ಪನಿಗೆ ಉಳಿಯೋದು ನಮ್ಮ ಕ್ವಾರ್ಟರ್ಸಿನ ಹಿಂದಿನ ಕೋಣೆ, ಒಂದು ಕುರ್ಚಿ, ನಾನು.

ನೇರವಾಗಿ ಇನ್‌ಸ್ಪೆಕ್ಟರಿಗೆ ಹೋಗಿ, ಸಾರ್, ನಮ್ಮಪ್ಪನಿಗೆ ಕಣ್ಣು ಕಾಣಲ್ಲ, ಯಾರಾದರೂ ಸಾಯೋ ಮುಂಚೆ ನಿಲ್ಲಿಸಿ ಅನ್ನಬಹುದಿತ್ತು. ಐದು ನಿಮಿಷದ ಕೆಲಸ. ಆಮೇಲೆ ನನಗೆ ನಾನೇ, ಜನರ ಜೀವದ ಚಿಂತೆ ನನಗೆ ರಾತ್ರಿ ನಿದ್ದೆ ಕೊಡ್ತಿರಲಿಲ್ಲ ಅಂತ ಎಷ್ಟೋ ಸಲ ಹೇಳಿಕೊಂಡೆ. ಅದು ಸುಳ್ಳು. ಚೆನ್ನಾಗೇ ನಿದ್ದೆ ಬರ್ತಿತ್ತು. ನನಗೆ ಬೇಕಾಗಿದ್ದದ್ದು, ಅಪ್ಪ ತನ್ನ ಶಾಲೆಯ ಗೋಡೆಗೆ ತಾನೇ ಹೋಗಿ ದೋಣಿ ತಗಲಿಸಿಕೊಂಡು, ಇನ್‌ಸ್ಪೆಕ್ಟರ ಎದುರಿಗೆ ಪೆಚ್ಚುಮೋರೆ ಹಾಕೋದು.

ಪರೀಕ್ಷೆಯ ದಿನ ಏಳೂವರೆಗೆ ಮೀಟರ್ ನೋಡಿದೆ. ನಲವತ್ತೆಂಟು ಪಾಯಿಂಟ್ ನಾಲ್ಕು. ರಿಜಿಸ್ಟರಿನಲ್ಲಿ ಅದನ್ನೇ ಬರೆದೆ. ಫೋನ್ ಮಾಡಿದೆ.

"ಎಷ್ಟೇ ಮಗಳೇ?"

"ಐವತ್ತು ಪಾಯಿಂಟ್ ನಾಲ್ಕು."

"ನಿನ್ನೆ ನಲವತ್ತೆಂಟೂವರೆ ಅಂದಿದ್ದೆ."

"ರಾತ್ರಿ ಮೇಲಿನವರು ನೀರು ಬಿಟ್ಟಿದ್ದಾರೆ."

"ಹ್ಞೂಂ. ಇನ್‌ಸ್ಪೆಕ್ಟರಿಗೆ ಶಾಲೆ ಮೇಲೇ ಸವಾರಿ ಹಾಗಾದ್ರೆ" ಅಂತ ನಕ್ಕು ಇಟ್ಟ.

ನನ್ನ ಲೆಕ್ಕ ಹೀಗಿತ್ತು. ಗೋಡೆಯ ಮೇಲೆ ನಲವತ್ತು ಸೆಂಟಿಮೀಟರ್ ನೀರು. ದೋಣಿಯ ಹೊಟ್ಟೆ ಮುಳುಗೋದು ಎಂಬತ್ತು. ಜೆಟ್ಟಿ ಹತ್ತಿರ ಬರೋವಾಗ ನಿಧಾನಕ್ಕೇ ಬರ್ತಾನೆ. ತಳ ಗೋಡೆಗೆ ಉಜ್ಜಿ ದೋಣಿ ನಿಲ್ಲುತ್ತೆ, ನಾಲ್ಕು ಜನ ಕೂತಲ್ಲೇ ಮುಗ್ಗರಿಸ್ತಾರೆ, ಇನ್‌ಸ್ಪೆಕ್ಟರ್ ಪೆನ್ನು ತೆಗೀತಾರೆ. ಯಾರಿಗೂ ಏನೂ ಆಗಲ್ಲ.

ಒಂಬತ್ತೂವರೆಗೆ ಮೇಲಿನ ಕಚೇರಿಯಿಂದ ಆದೇಶ ಬಂತು, ಮೂರೂ ಯಂತ್ರ ಓಡಿಸಿ ಅಂತ. ಎರಡನೇದು ಮೂರನೇದು ಎರಡನ್ನೂ ನನ್ನ ಕೈಯಾರೆ ಶುರು ಮಾಡಿದೆ. ಮಾಡಿ ಕೂತ ಮೇಲೆ ತಲೆಗೆ ಹೊಳೀತು: ದೋಣಿ ಶಾಲೆ ಹತ್ತಿರ ಬರೋದು ಹನ್ನೊಂದೂವರೆಗೆ. ಅಷ್ಟು ಹೊತ್ತಿಗೆ ಅರವತ್ತು ಸೆಂಟಿಮೀಟರ್ ಇಳಿದಿರುತ್ತೆ. ಗೋಡೆ ನೀರಿನಿಂದ ಮೇಲೇ ಎದ್ದಿರುತ್ತೆ. ಮೊಬೈಲ್ ಕೈಗೆ ತಗೊಂಡೆ. ಅಪ್ಪನ ನಂಬರ್ ತೆಗೆದೆ. ಆಗ ಇನ್ನೊಂದು ಯೋಚನೆ ಬಂತು. ಗೋಡೆ ಮೇಲೆದ್ದಿದ್ದರೆ ಇನ್ನೂ ಒಳ್ಳೇದೇ. ಎಲ್ಲರಿಗೂ ಕಾಣೋ ಗೋಡೆ ಇವನೊಬ್ಬನಿಗೆ ಕಾಣಲ್ಲ ಅನ್ನೋದು ಬಟಾಬಯಲಾಗುತ್ತೆ. ಹೇಗೂ ಜನ ಕೂಗ್ತಾರೆ, ಅವನು ನಿಲ್ಲಿಸ್ತಾನೆ. ಮೊಬೈಲ್ ಮೇಜಿನ ಮೇಲೆ ಬೋರಲು ಹಾಕಿದೆ. ಎರಡು ಗಂಟೆ ಹೊತ್ತು ಅದು ಅಲ್ಲೇ ಬಿದ್ದಿತ್ತು.

ಜೆಟ್ಟಿ ಕಡೆಗೊಂದು ಕ್ಯಾಮೆರಾ ಇದೆ. ಪರದೆಯಲ್ಲಿ ಎಲ್ಲ ಕಾಣುತ್ತೆ, ಸದ್ದು ಬರಲ್ಲ. ಕಿಟಕಿ ತೆಗೆದಿಟ್ಟೆ. ಹನ್ನೊಂದಕ್ಕೆ ದೋಣಿ ಹೊರಟಿತು, ಬಲದಂಡೆ ಹಿಡಿದು ನಡುಗಡ್ಡೆಗೆ ಹೋಗಿ ತಿರುಗಿತು. ಮುಂದುಗಡೆ ಇವರು, ಹಿಂದೆ ಹತ್ತು ಜನ ಪ್ರವಾಸಿಗರು, ಅಪ್ಪನ ಪಕ್ಕ ಟೋಪಿ ಹಾಕಿದ ಇನ್‌ಸ್ಪೆಕ್ಟರ್. ಗೋಡೆ ಪರದೆಯಲ್ಲೇ ಕಾಣ್ತಿತ್ತು, ನೀರಿನ ಮೇಲೆ ಎಳೆದ ಕಪ್ಪು ಗೆರೆ. ಇವರು ಹಿಂದೆ ತಿರುಗಿ ಬಾಯಿ ತೆಗೆದು ಕೂಗ್ತಾ ಕೈ ಬೀಸಿದರು. ಇನ್ನೊಂದು ಸಲ ಬೀಸಿದರು. ಪ್ರವಾಸಿಗರು ಎದ್ದು ನಿಂತರು. ಇನ್‌ಸ್ಪೆಕ್ಟರ್ ಅಪ್ಪನ ತೋಳು ಹಿಡಿದು ಜಗ್ಗಿದರು. ಆಗ ಲೌಡ್‌ಸ್ಪೀಕರಿನಲ್ಲಿ ಅಪ್ಪನ ದನಿ ಬಂತು, ನಗು ತುಂಬಿದ ದನಿ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಅಳಿಯಂದಿರಿಗೆ ನೀರು ಕಂಡರೂ ಭಯ, ನೆರಳು ಕಂಡರೂ ಭಯ. ಗೋಡೆ ಮೇಲೆ ಎರಡು ಮೀಟರ್ ನೀರಿದೆ. ನನ್ನ ಮಗಳು ಹೇಳಿದ್ದಾಳೆ."

ಅದು ಬೆಟ್ಟಕ್ಕೆ ಬಡಿದು ಮತ್ತೊಮ್ಮೆ ಕೇಳಿಸಿತು, ಹೇಳಿದ್ದಾಳೆ ಅಂತ. ಇನ್‌ಸ್ಪೆಕ್ಟರಿಗೆ ತೋರಿಸೋ ಉಮೇದಿನಲ್ಲಿ ಅಪ್ಪ ವೇಗ ಕಡಿಮೆ ಮಾಡಿರಲಿಲ್ಲ, ಹೆಚ್ಚು ಮಾಡಿದ್ದ. ನನ್ನ ಗಂಡ ಕಂಬಿ ಹಿಡಿದು ಕೂತರು. ಬಲಗಾಲು ಹೊರಗೆ ಚಾಚಿದರು.

ಪೆಡಲ್ ದೋಣಿಯನ್ನ ಒದ್ದರೆ ಅದು ದೂರ ಹೋಗುತ್ತೆ. ಶಾಲೆಯ ಗೋಡೆ ಎಲ್ಲಿಗೆ ಹೋಗುತ್ತೆ?

ಇವರ ಕಾಲನ್ನ ಮೊಣಕಾಲಿನ ಕೆಳಗೆ ಉಳಿಸೋಕಾಗಲಿಲ್ಲ. ಇನ್‌ಸ್ಪೆಕ್ಟರ ಗದ್ದಕ್ಕೆ ಆರು ಹೊಲಿಗೆ ಬಿತ್ತು, ಮಿಕ್ಕವರಿಗೆ ತರಚುಗಾಯ. ಆಸ್ಪತ್ರೆಯಲ್ಲಿ ಮೂರನೇ ದಿನ ಇವರಿಗೆ ಪೂರ್ತಿ ಎಚ್ಚರವಾಯ್ತು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅದನ್ನೇ ನೋಡ್ತಾ ಇದ್ದು, ಆಮೇಲೆ ನನ್ನ ಕಡೆ ತಿರುಗಿದರು.

"ಐವತ್ತು ಪಾಯಿಂಟ್ ನಾಲ್ಕು" ಅಂದರು. "ಸ್ಪೀಕರ್ ಹಾಕಿದ್ದರಲ್ಲ ಮಾವ, ನಾನು ಪಕ್ಕದಲ್ಲೇ ಇದ್ದೆ. ಜೆಟ್ಟಿ ಮೆಟ್ಟಿಲು ನೋಡಿದೆ. ನೀರು ಹಿಂದಿನ ದಿನಕ್ಕಿಂತ ಕೆಳಗೇ ಇತ್ತು. ನೀನು ಸುಳ್ಳು ಹೇಳ್ತಿದ್ದೀಯ ಅಂತ ಆಗಲೇ ಗೊತ್ತಾಯ್ತು."

"ಮತ್ತೆ ಯಾಕ್ರೀ ಸುಮ್ಮನಿದ್ರಿ?"

"ನೀನು ಯಾಕೆ ಹೇಳಿದೆಯೋ ಅದಕ್ಕೇ."

"ಕಾಲು ಯಾಕೆ ಚಾಚಿದ್ರಿ ಹಾಗಾದ್ರೆ?"

"ಗೊತ್ತಿಲ್ಲ ಕಣೆ" ಅಂದರು. "ಕಾಲು ತಾನೇ ಹೋಯ್ತು. ಒಂಬತ್ತು ವರ್ಷ ಆ ಮುದುಕನ ದೋಣಿ ಕಾಪಾಡಿ ಕಾಪಾಡಿ ಅಭ್ಯಾಸ ಆಗಿಬಿಟ್ಟಿತ್ತು." ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದರು. ನಾನು ಅಳಲಿಲ್ಲ. ಅಳೋ ಹಕ್ಕು ನನಗಿಲ್ಲ ಅಂತ ಅಲ್ಲ, ಬರಲೇ ಇಲ್ಲ.

ಇವರು ಆಸ್ಪತ್ರೆಯಲ್ಲಿದ್ದಾಗಲೇ ವಿಚಾರಣೆ ನಡೀತು. ವಿದ್ಯುತ್ ಕೇಂದ್ರದ ಸಭೆಯ ಕೋಣೆ, ಉದ್ದ ಮೇಜು, ಮೂರು ಜನ ಅಧಿಕಾರಿಗಳು, ಗದ್ದಕ್ಕೆ ಪಟ್ಟಿ ಕಟ್ಟಿಕೊಂಡ ಇನ್‌ಸ್ಪೆಕ್ಟರ್. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಗುಂಡಿ ಒಂದು ಕಾಜ ತಪ್ಪಿತ್ತು. ನೋಡಿದೆ, ಸರಿ ಮಾಡಲಿಲ್ಲ. ಇನ್‌ಸ್ಪೆಕ್ಟರ್ ಕೈಯೆತ್ತಿ ಎಷ್ಟು ಬೆರಳು ಅಂತ ಕೇಳಿದರು.

"ದೇವರು ನಿಮಗೆ ಕೊಟ್ಟಷ್ಟು" ಅಂದ ಅಪ್ಪ. ಯಾರೂ ನಗಲಿಲ್ಲ. ಆಗ ದನಿ ಇಳಿಸಿ ಹೇಳಿದ: "ಆಯ್ತು, ಕಾಣಲ್ಲ. ನಾಲ್ಕು ವರ್ಷದಿಂದ ಕಾಣಲ್ಲ. ಪರವಾನಗಿ ಕಿತ್ತುಕೊಳ್ಳಿ, ನನ್ನದೇನೂ ತಕರಾರಿಲ್ಲ. ಆದರೆ ಒಂದು ಮಾತು ಬರ್ಕೊಳ್ಳಿ. ಆ ನೀರಿಗೆ ಕಣ್ಣು ಬೇಕಾಗಿಲ್ಲ, ತಲೆ ಬೇಕು. ನನ್ನ ತಲೆ ಸರಿಯಾಗಿದೆ. ಆವತ್ತು ನನಗೆ ಬಂದ ನಂಬರು ಐವತ್ತು ಪಾಯಿಂಟ್ ನಾಲ್ಕು. ನಿಮ್ಮ ಮೀಟರು ಕೆಟ್ಟಿದೆ, ಅದನ್ನ ನೋಡಿಸಿ. ಇಲ್ಲದಿದ್ದರೆ ನಾಳೆ ಇನ್ನೊಬ್ಬರ ಕಾಲು ಹೋಗುತ್ತೆ."

ಮೀಟರ್ ಕೆಟ್ಟಿದೆ ಅಂದ. ಮಗಳು ಕೆಟ್ಟಿದ್ದಾಳೆ ಅನ್ನೋದು ಅವನ ಯೋಚನೆಗೇ ಬಂದಿರಲಿಲ್ಲ.

ರಿಜಿಸ್ಟರ್ ತರಿಸಿದರು. ನನ್ನ ಕೈಬರಹ, ನಲವತ್ತೆಂಟು ಪಾಯಿಂಟ್ ನಾಲ್ಕು. ಮುಖ್ಯ ಅಧಿಕಾರಿ ನನ್ನನ್ನ ಕೇಳಿದರು, "ಫೋನಿನಲ್ಲಿ ಇವರಿಗೆ ಏನು ಹೇಳಿದ್ರಿ?"

ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತೆ, ಜೈಲೂ ಆಗಬಹುದು, ಒಂದು ಕಾಲಿನ ಗಂಡ ಮನೆಯಲ್ಲಿ. ಇದೆಲ್ಲ ಲೆಕ್ಕ ಹಾಕಿದೆ, ಇಲ್ಲ ಅನ್ನಲ್ಲ. ಆದರೆ ಲೆಕ್ಕ ಮುಗಿಯೋ ಮುಂಚೆಯೇ ಬಾಯಿ ಮಾತಾಡಿಯಾಗಿತ್ತು.

"ನಲವತ್ತೆಂಟು ಪಾಯಿಂಟ್ ನಾಲ್ಕು ಅಂತಲೇ ಹೇಳಿದೆ ಸಾರ್. ಅಪ್ಪನಿಗೆ ಈಗೀಗ ಮರೆವು."

ಅಪ್ಪ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದ. ಗುಡುಗ್ತಾನೆ ಅಂತ ಕಾದೆ. ಹುಟ್ಟಿದಾಗಿನಿಂದ ಯಾರ ಮಾತಿಗೂ ಸರಿ ಅಂದವನಲ್ಲ. ನನಗೂ ಅದೇ ಬೇಕಿತ್ತು, ಅವನು ಕೂಗಾಡಿದರೆ ನಾನೂ ಕೂಗಾಡಬಹುದಿತ್ತು, ಆ ಜಗಳದಲ್ಲಿ ನಿಜ ಆಚೆ ಬಂದರೂ ಬರ್ತಿತ್ತೇನೋ. ಅಪ್ಪನ ತುಟಿ ಅಲ್ಲಾಡ್ತಿತ್ತು, ನಂಬರು ಲೆಕ್ಕ ಹಾಕ್ತಿರೋನ ಹಾಗೆ.

"ಮೇಲಿನವರು ನೀರು ಬಿಟ್ಟಿದ್ದಾರೆ ಅಂದೆಯಲ್ಲೇ" ಅಂದ ಮೆಲ್ಲಗೆ.

"ಇಲ್ಲಪ್ಪ. ಹಾಗೇನೂ ಹೇಳಲಿಲ್ಲ."

ಮೇಜಿನ ಅಂಚನ್ನ ಬೆರಳಿನಲ್ಲಿ ಸವರಿದ. "ಹಾಗಾದ್ರೆ ಹೇಳಿರಲ್ಲ" ಅಂದ. "ಅವಳ ನಂಬರು ಯಾವತ್ತೂ ತಪ್ಪಾಗಿಲ್ಲ. ನನ್ನ ತಲೆಯೇ ಕೆಟ್ಟಿದೆ. ಬರ್ಕೊಳ್ಳಿ."

ಆವತ್ತಿನಿಂದ ಅಪ್ಪ ಹಿಂದಿನ ಕೋಣೆಯ ಕುರ್ಚಿ ಹಿಡಿದ. ಕಣ್ಣು ಹೋದಾಗ ಒಂದು ಗೇಣೂ ಬಗ್ಗದವನು, ತಲೆ ಹೋಯ್ತು ಅಂದ ಮೇಲೆ ನೆಲಕ್ಕೆ ಬಿದ್ದ. ತನ್ನ ತಲೆಯಿಂದ ಹೊರಟ ಯಾವ ಮಾತನ್ನೂ ನಂಬಲಿಲ್ಲ. ಬಚ್ಚಲಿಗೆ ಹದಿಮೂರು ಹೆಜ್ಜೆ ಅಂತ ಎಣಿಸಿಟ್ಟುಕೊಂಡಿದ್ದ, ಈಗ ಹನ್ನೆರಡರಲ್ಲೇ ನಿಂತು ನನ್ನನ್ನ ಕರೆಯೋನು. ಇವತ್ತು ಮಂಗಳವಾರ ಅಲ್ವೇನೇ ಅನ್ನೋನು, ಮಂಗಳವಾರವೇ ಆಗಿರ್ತಿತ್ತು, ನಾನು ಹೌದು ಅನ್ನೋವರೆಗೂ ಉಸಿರು ಹಿಡಿದಿರೋನು. ಒಂದು ದಿನ ಸಿಟ್ಟಿನಲ್ಲಿ, ಬುಧವಾರ ಅಂದುಬಿಟ್ಟೆ. ಒಪ್ಪಿಕೊಂಡ. ಆಹಾ, ಎಂಥ ಮಗಳು ನಾನು. ಸೊಕ್ಕು ಮುರೀಬೇಕು ಅಂದಿದ್ದೆ, ಮುರಿದು ಪುಡಿ ಮಾಡಿದ್ದೆ.

ಎರಡು ತಿಂಗಳಿಗೆ ಇವರು ಊರುಗೋಲು ಹಿಡಿದು ಮನೆಗೆ ಬಂದರು. ಬಾಗಿಲ ಸದ್ದು ಕೇಳಿ ಅಪ್ಪ ಗೋಡೆ ಸವರಿಕೊಂಡು ಹೊರಗೆ ಬಂದ, ಟಕ್ ಟಕ್ ಅಂತ ಬರೋ ಕೋಲಿನ ಸದ್ದಿಗೆ ಕೈ ಮುಗಿದ. "ಅಳಿಯಂದಿರೇ" ಅಂದ. ಆ ಮಾತಲ್ಲಿ ಈಗ ಜೋಕಿರಲಿಲ್ಲ. "ನೀವು ಗೋಡೆ ಅಂತ ಕೂಗಿದ್ರಿ. ನಾನು ನಕ್ಕೆ."

"ಬಿಡಿ ಮಾವ" ಅಂದರು ಇವರು. ಕುರ್ಚಿಯಲ್ಲಿ ಕೂತು ಕೋಲು ಪಕ್ಕಕ್ಕಿಟ್ಟರು.

"ಒಂದೇ ಒಂದು ಕೇಳಬೇಕು. ನೀವೂ ಅಲ್ಲೇ ಇದ್ರಿ, ಫೋನ್ ಸ್ಪೀಕರಿನಲ್ಲಿತ್ತು. ಆವತ್ತು ಬೆಳಗ್ಗೆ ಅವಳು ಎಷ್ಟು ಅಂದಳು?"

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಇವರು ನನ್ನನ್ನ ನೋಡಿದರು. ಹೇಳಿಬಿಡಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ, ನಿಜವಾಗಿ ಅಂದುಕೊಂಡೆ. ನನ್ನ ಬಾಯಿಂದ ಬರಲಾರದು, ನಿಮ್ಮ ಬಾಯಿಂದಾದರೂ ಬರಲಿ. ಇವರು ತಮ್ಮ ಪ್ಯಾಂಟಿನ ಮಡಚಿ ಪಿನ್ನು ಹಾಕಿದ ಕಾಲನ್ನ ನೋಡಿಕೊಂಡರು. ಆಮೇಲೆ ಅಪ್ಪನ ಮುಖವನ್ನ ನೋಡಿದರು, ಆರಾಮಾಗಿ, ಅಪ್ಪನಿಗೆ ಕಾಣಲ್ಲ ಅಂತ ಗೊತ್ತಿರೋ ಧೈರ್ಯದಲ್ಲಿ.

"ನಲವತ್ತೆಂಟು ಪಾಯಿಂಟ್ ನಾಲ್ಕು ಮಾವ" ಅಂದರು. "ನನಗೆ ಚೆನ್ನಾಗಿ ನೆನಪಿದೆ."

ಅಪ್ಪ ಉಸಿರು ಬಿಟ್ಟ. ಮುಖ ಸಡಿಲವಾಯ್ತು, ಎಷ್ಟೋ ದಿನದ ಮೇಲೆ ನಗುವಿನಂಥದ್ದೇನೋ ಬಂತು.

"ಸದ್ಯ" ಅಂದ. "ಒಳಗೊಳಗೇ ಅವಳ ಮೇಲೆ ಒಂದು ಅನುಮಾನ ಇತ್ತು ನೋಡಿ. ರಾತ್ರಿಯೆಲ್ಲ ಅದೇ ಕೊರೀತಿತ್ತು. ನನ್ನ ತಲೆ ಕೆಟ್ಟಿದ್ದರೆ ಪರವಾಗಿಲ್ಲ." ನಾನೆಲ್ಲಿದ್ದೀನಿ ಅಂತ ತಿಳಿಯದೆ ಅಡುಗೆಮನೆ ಕಡೆ ಅಂದಾಜಿನ ಮೇಲೆ ಕೈ ಚಾಚಿದ. "ಕ್ಷಮಿಸಿಬಿಡೇ ಮಗಳೇ."

ಜೀವಮಾನದಲ್ಲಿ ಅಪ್ಪ ಯಾರಿಗೂ ಆ ಮಾತು ಹೇಳಿದ್ದನ್ನ ನಾನು ಕೇಳಿರಲಿಲ್ಲ. ಹತ್ತಿರ ಹೋಗಿ ಕೈ ಹಿಡಿದುಕೊಂಡು, "ಆಯ್ತು ಬಿಡಪ್ಪ" ಅಂದೆ.